ಉಣ್ಣೆ ತುಂಬದ ಚೀಲಗಳು

ಕಾಕಾ,

ಮೂರು ಸಲ ಬರೆದು ಹರಿದೆ, ಇದು ನಾಲ್ಕನೆಯದು. ಬ್ಲೌಸಿನ ಅಳತೆ ಬರೆದುಕೊಳ್ಳುವ ನೋಟ್‌ಬುಕ್ಕಿನ ಹಾಳೆ, ಸಾಲು ಸೊಟ್ಟಗಾದರೆ ಬೈಯಬೇಡ. ಚಿಗವ್ವನಿಗೆಂದು ನೀನು ಮಾಡಿದ ಎರಡನೆಯ ಸ್ಪೀಕರಿನ ವಿಷಯ ಹೇಳುವುದಿದೆ. ನೀನು ಇದ್ದಾಗಲೇ ಹೇಳಬೇಕಿತ್ತು. ಹೇಳದೆ ಉಳಿದದ್ದಕ್ಕೆ ಈಗ ಹೊಲಿಗೆ ಮಷಿನ್ ಮುಂದೆ ಕೂತರೆ ಎದ್ದು ಹೋಗೋಣ ಅನ್ನಿಸುತ್ತದೆ, ಎದ್ದರೆ ಎಲ್ಲಿಗೆ ಹೋಗಬೇಕೋ ತಿಳಿಯುವುದಿಲ್ಲ.

ಮೊದಲ ಸಲ ನೀನು ಚಿತ್ರ ಬರೆದುಕೊಂಡು ವಾಡಿಗೆ, ನನ್ನ ಟೇಲರಿಂಗ್ ಅಂಗಡಿಗೆ ಬಂದದ್ದು ನೆನಪಿದೆಯೇ? ಲೋಕವೆಲ್ಲ ಸ್ಪೀಕರಿನ ಡಬ್ಬಿಯನ್ನು ಕಟ್ಟಿಗೆಯಲ್ಲಿ ಮಾಡಿದರೆ ನೀನು ನೆಲಕ್ಕೆ ಹಾಸುವ ಪರಸಿ ಕಲ್ಲಿನಲ್ಲಿ ಮಾಡಹೊರಟಿದ್ದೆ. ಶಹಾಬಾದಿನಲ್ಲಿ ಹುಟ್ಟಿ, ಆಯುಷ್ಯವಿಡೀ ಆ ಕಲ್ಲಿಗೆ ಪಾಲಿಶ್ ಹಾಕಿದವನಿಗೆ ಬೇರೇನು ಹೊಳೆದೀತು? ಮನೆಯ ನೆಲ ಕಲ್ಲು, ಅಡುಗೆ ಕಟ್ಟೆ ಕಲ್ಲು, ಇನ್ನು ಮಾತಾಡುವ ಪೆಟ್ಟಿಗೆಯೂ ಕಲ್ಲೇ ಎಂದು ಚಿಗವ್ವ ನಕ್ಕಿದ್ದಳು. ಕಲ್ಲು ನಡುಗುವುದಿಲ್ಲ, ಆದರೆ ಒಳಗಿನ ಸಪ್ಪಳವನ್ನು ನುಂಗದೆ ತಿರುಗಿ ಎಸೆಯುತ್ತದೆ; ಅದನ್ನು ನುಂಗುವಂಥ ಮೆತ್ತನೆಯದನ್ನು ಹುಡುಕೋಣ, ನಿನಗೆ ಬಟ್ಟೆಯ ಗುಣ ಗೊತ್ತಲ್ಲ ಎಂದೆ ನೀನು. ನಾನು ಉಬ್ಬಿಹೋದೆ. ನನ್ನನ್ನು ಉಬ್ಬಿಸುವುದು ಎಷ್ಟು ಸುಲಭ ಅಂತ ನಿನಗೆ ಗೊತ್ತಿತ್ತು.

ಆ ಬೇಸಿಗೆಯಲ್ಲಿ ನಾವು ಏನೇನು ತುಂಬಿ ನೋಡಲಿಲ್ಲ ಹೇಳು. ಹತ್ತಿ ತುಂಬಿದರೆ ಹಳೆಯ ಗಾದಿಯ ಹಾಗೆ ತಿಂಗಳೊಳಗೆ ತಳಕ್ಕೆ ಕುಸಿಯಿತು. ಗೋಣಿತಟ್ಟಿನ ಧೂಳು ಸ್ಪೀಕರಿನ ಕಾಗದದ ಕೋನಿಗೆ ಮೆತ್ತಿತು. ಸೋಫಾದ ಸ್ಪಂಜು ನಮ್ಮ ಬಿಸಿಲಿಗೆ ರವೆಯಂತೆ ಉದುರಿತು. ಕೊನೆಗೆ ನೀನು ಚಂದಾಪುರದಿಂದ ಕುರಿಯ ಉಣ್ಣೆ ತಂದೆ. ತೊಳೆದು, ಒಣಗಿಸಿ, ಬೆರಳಿನಿಂದ ಹಿಂಜಿ, ತೆಳ್ಳನೆಯ ಮಲ್‌ಮಲ್ ಚೀಲದಲ್ಲಿ ಸಡಿಲವಾಗಿ ತುಂಬಬೇಕು. ಕಲ್ಲಿನ ಒಳಮೈಗೆ ಹಳೆಯ ಕಂಬಳಿಯನ್ನು ಡಾಂಬರಿನಿಂದ ಅಂಟಿಸಬೇಕು. ನಾನು ಒತ್ತಿ ತುಂಬಲು ಹೋದರೆ ನೀನು ಕೈ ಹಿಡಿದಿದ್ದೆ. “ಉಣ್ಣಿಗೂ ಉಸರಾಡ್ಲಿಕ್ಕ ಜಾಗ ಬೇಕವ್ವ ನೀಲಾ.”

ಮೊದಲನೆಯ ಸ್ಪೀಕರಿಗೆ ನೀನು ಹಾಡು ಹಚ್ಚಲಿಲ್ಲ, ಬೆಳಗಿನ ರೇಡಿಯೋ ವಾರ್ತೆ ಹಚ್ಚಿದೆ. ಹಾಡು ಯಾವ ಡಬ್ಬಿಯಲ್ಲಿ ಹಾಕಿದರೂ ಚಂದವೇ, ಮಾತು ಬಿಡಿಬಿಡಿಯಾಗಿ ಕೇಳಿಸಿದರೆ ಮಾತ್ರ ಸ್ಪೀಕರು ಅನ್ನುವುದು ನಿನ್ನ ವಾದ. ಕಿವಿ ಮಂದವಾಗಿ, ಮಾತು ತಿಳಿಯದೆ ಮಠದ ಪ್ರವಚನಕ್ಕೆ ಹೋಗುವುದನ್ನೇ ಬಿಟ್ಟಿದ್ದ ಚಿಗವ್ವ ಅಡುಗೆಮನೆಯಿಂದ ವಾರ್ತೆಯನ್ನು ಒಂದೊಂದಾಗಿ ತಿರುಗಿ ಹೇಳಿದಳು. ಆದರೆ ಕೈಗೆ ಬಂದ ತುತ್ತು ಬಾಯಿಗೆ ಬರಬೇಕಲ್ಲ! ತೆಂಗಳಿಯ ಭಜನೆಯವರು ಬಂದು ತಮಗೆ ಬೇಕೆಂದು ಕೇಳಿದರು, ನೀನು ಎತ್ತಿಕೊಟ್ಟುಬಿಟ್ಟೆ. ಚಿಗವ್ವನಿಗೆ ಇನ್ನೊಂದು ಮಾಡುತ್ತೇನೆಂದು ಮಾತುಕೊಟ್ಟು, ಉಣ್ಣೆಯ ಮೂಟೆಯನ್ನು ನನ್ನ ಅಂಗಡಿಗೆ ಕಳಿಸಿದೆ.

ಅದು ಮದುವೆಯ ಹಂಗಾಮು. ಮೂಟೆಯ ವಾಸನೆಗೆ ಬ್ಲೌಸ್ ಹೊಲಿಸಲು ಬಂದವರು ಮೂಗಿಗೆ ಸೆರಗು ಹಿಡಿದರು. ಅದನ್ನು ತೊಳೆಯಲು ಒಂದು ದಿನ, ಒಣಗಿಸಲು ಎರಡು ದಿನ, ಹಿಂಜಲು... ನನ್ನಿಂದ ಆಗಲಿಲ್ಲ ಕಾಕಾ. ಆಗಲಿಲ್ಲ ಅನ್ನುವುದೂ ಸುಳ್ಳು, ಮನಸ್ಸು ಮಾಡಲಿಲ್ಲ. ಮೂಟೆಯನ್ನು ಮಾಳಿಗೆಗೆ ಏರಿಸಿದೆ. ಕತ್ತರಿಸಿ ಉಳಿದ ಬಟ್ಟೆಯ ಚಿಂದಿಯನ್ನು ಚೀಲಗಳಿಗೆ ಗಿಡಿದು ಬಾಯಿ ಹೊಲಿದೆ. ಒಳಗಿರುವುದನ್ನು ಯಾರು ನೋಡುತ್ತಾರೆ ಅಂದುಕೊಂಡೆ. ನೀನು ಚೀಲ ಎತ್ತಿ ನೋಡಿ, ಸ್ವಲ್ಪ ಭಾರ ಆಗಿದೆಯಲ್ಲ ಎಂದಾಗ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ, ನೀನು ಕೇಳದಿದ್ದರೂ ಉಣ್ಣೆ ತೊಳೆದ ಕಥೆಯನ್ನೆಲ್ಲ ನಾನು ಹೇಳಿದೆ. ನೀನು ಪಾಪ ನಂಬಿದೆ.

ಎರಡನೆಯ ಸ್ಪೀಕರು ಬಾವಿಯೊಳಗಿಂದ ಕೂಗಿದ ಹಾಗೆ ಮಾತಾಡಿತು. ನೀನು ಒಂದು ಸಲಕ್ಕೆ ಒಂದೇ ಭಾಗ ಬದಲಿಸುವ ಮನುಷ್ಯ. ಕಂಡೆನ್ಸರ್ ಬದಲಿಸಿದೆ. ತಾಮ್ರದ ಕಾಯಿಲ್ ಬಿಚ್ಚಿ ಮತ್ತೆ ಸುತ್ತಿದೆ. ಕೋನ್ ಬದಲಾಯಿತು, ಹಿಂದಿನ ಕಲ್ಲು ಹೋಗಿ ಪ್ಲೈವುಡ್ ಬಂತು, ಅದೂ ಹೋಗಿ ಮತ್ತೆ ಕಲ್ಲು ಬಂತು. ಚೀಲಗಳನ್ನು ಪ್ರತಿ ಸಲ ಹೊರಗೆ ತೆಗೆದು, ಹಾಗೆಯೇ ಒಳಗೆ ಇಟ್ಟೆ. ಒಮ್ಮೆಯಾದರೂ ಒಂದು ಹೊಲಿಗೆ ಬಿಚ್ಚಬಾರದಿತ್ತೇ? “ನೀಲಾ ಹೊಲದಿದ್ದು ನಾ ಯಾಕ ಬಿಚ್ಚಿ ನೋಡ್ಲಿ?” ಅಂದೆಯಂತೆ. ಇದನ್ನು ಚಿಗವ್ವ ಆಮೇಲೆ ಹೇಳಿದಳು.

ಒಂದು ಭಾನುವಾರ ನನ್ನನ್ನು ಕರೆಸಿದೆ. ಮನೆಯಲ್ಲಿ ನೆಟ್ಟಗಿನ ಕಿವಿ ಇರುವವಳು ನಾನೊಬ್ಬಳೇ ಎಂದು ಸ್ಪೀಕರಿನ ಮುಂದೆ ಕೂರಿಸಿ ವಾರ್ತೆ ಹಚ್ಚಿದೆ. “ಖರೇ ಹೇಳು. ಮಾತು ತಿಳೀಲಿಕತ್ತದೇನು?” ಎಂದೆ. ನಾನು, “ಭಾಳ ಛಲೋ ಕೇಳಸ್ಲಿಕತ್ತದ ಕಾಕಾ,” ಎಂದೆ. ಆ ಹೊತ್ತಿಗೆ ಪಾರಾದರೆ ಸಾಕಾಗಿತ್ತು, ಅಷ್ಟೆ. ನೀನು ರೇಡಿಯೋ ಆರಿಸಿ, ಕೈ ಒರೆಸಿಕೊಂಡು, “ಹಂಗಾರ ನನ್ನ ಕಿವೀನೇ ಹೋಗ್ಯಾವ ಬಿಡು,” ಎಂದೆ.

ಆಗಲಾದರೂ ಬಾಯಿ ಬಿಡಬಾರದಿತ್ತೇ ನಾನು? ನಾಳೆ ಹೇಳೋಣ, ಹಂಗಾಮು ಮುಗಿಯಲಿ ಅಂದುಕೊಂಡೆ. ಅಷ್ಟರಲ್ಲಿ ನೀನು ಸ್ಪೀಕರು ಮಾಡುವ ಸಾಮಾನುಗಳನ್ನು ಹಂಚಿಬಿಟ್ಟೆ. ಶ್ರುತಿ ತಪ್ಪೀತೆಂದು ಸೋಮವಾರದ ಭಜನೆಗೆ ಹೋಗುವುದನ್ನು ನಿಲ್ಲಿಸಿದೆ. ಡಾಕ್ಟರಿಗೆ ತೋರಿಸು ಎಂದರೆ ವಯಸ್ಸಿಗೆ ಎಲ್ಲಿಯ ಔಷಧ ಅನ್ನುತ್ತಿದ್ದೆ. ಯಾರಾದರೂ ಮಾತಾಡಿಸಿದರೆ ನಕ್ಕು ಸುಮ್ಮನಾಗುತ್ತಿದ್ದೆ. ಚಳಿಗಾಲದಲ್ಲಿ ನಿನ್ನ ಎದೆಬಡಿತ ನಿಂತಿತು. ಕಿವಿ ಹೋದವನೆಂದುಕೊಂಡೇ ಹೋದೆ.

ಮೊನ್ನೆ ಮಾಳಿಗೆಯಿಂದ ಮೂಟೆ ಇಳಿಸಿದೆ. ನುಸಿ ತಿಂದದ್ದನ್ನು ತೆಗೆದು, ಉಳಿದದ್ದನ್ನು ತೊಳೆದು, ಒಣಗಿಸಿ, ಹಿಂಜಿ ಶಹಾಬಾದಿಗೆ ಒಯ್ದೆ. ಹಾಗೆಯೇ ಉಳಿದಿದ್ದ ಸ್ಪೀಕರಿನಿಂದ ಚೀಲಗಳನ್ನು ತೆಗೆದು, ನನ್ನ ಹೊಲಿಗೆಯನ್ನು ನಾನೇ ಬಿಚ್ಚಿ, ಚಿಂದಿ ಸುರಿದು, ಉಣ್ಣೆ ತುಂಬಿ ಮತ್ತೆ ಒಳಗಿಟ್ಟೆ. ವಾರ್ತೆ ಹಚ್ಚಿದಾಗ ಚಿಗವ್ವ ಅಕ್ಕಿ ಆರಿಸುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟು, ಸೇಡಮ್ಮಿನಲ್ಲಿ ತೊಗರಿಯ ಧಾರಣೆ ಇಳಿದಿದೆಯಂತಲ್ಲ ಎಂದಳು. ನನಗೆ ಅಳು ತಡೆಯಲಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ.

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು.

“ನನಗ್ಯಾಕ ಹೇಳ್ತಿ? ಕಿವಿ ಹೋದ್ವಂತ ಆರು ತಿಂಗಳ ಮೂಲ್ಯಾಗ ಕುಂತಾಂವ ನಿಮ್ಮ ಕಾಕಾ. ಅವಗ ಹೇಳು.”

ಅದಕ್ಕೇ ಇದನ್ನು ಬರೆದೆ. ಆ ಭಾನುವಾರ ನನಗೂ ಒಂದಕ್ಷರವೂ ತಿಳಿದಿರಲಿಲ್ಲ ಕಾಕಾ. ನಿನಗೆ ಏನು ಕೇಳಿಸಿತೋ ಅದೇ ನನಗೂ ಕೇಳಿಸಿತ್ತು. ನಿನ್ನ ಕಿವಿ ಕಡೆಯವರೆಗೂ ಸರಿಯಾಗಿಯೇ ಇದ್ದವು.

ನಿನ್ನ,
ನೀಲಾ