ಕವರಿನ ಮೇಲಿನ ಹೆಸರು

ಮಾರ್ಚ್ ೧೨, ಭಾನುವಾರ

ಪ್ರೀತಿಯ ತಂಗಿಗೆ,

ನಾವೆಲ್ಲ ಚೆನ್ನಾಗಿದ್ದೇವೆ. ಹತ್ತು ದಿನದಿಂದ ನಿನ್ನ ಫೋನ್ ಎತ್ತಿಲ್ಲ, ಬೈದುಕೊಂಡಿರುತ್ತೀಯ. ಬೈದುಕೋ. ಹೊಲಿಗೆ ಕೆಲಸ ಮೈಮೇಲೆ ಬಿದ್ದಿದೆ ಎಂದು ನಿನ್ನ ಭಾವನಿಂದ ಹೇಳಿಸಿದ್ದು ಸುಳ್ಳು.

ನಿನ್ನ ಬಿಳಿ ಬೆಕ್ಕಿಗೆ ಬುಧವಾರ ಮರಿಯಾಗದ ಹಾಗೆ ಆಪರೇಷನ್ ಎಂದು ಅಮ್ಮ ಹೇಳಿದಳು. "ಪಾಪ ಕಣೇ, ಅತ್ತೂ ಅತ್ತೂ ಕಣ್ಣು ಊದಿಸ್ಕೊಂಡಿದಾಳೆ" ಅಂದಳು. ಅಷ್ಟು ದೂರದ ನಿನ್ನ ಕಣ್ಣು ಅವಳಿಗೆ ಇಲ್ಲಿಂದಲೇ ಕಾಣುತ್ತದೆ! ಪಕ್ಕದ ಕೋಣೆಯಲ್ಲಿ ನಾನು ಅತ್ತಿದ್ದು ಯಾವತ್ತು ಕಂಡಿತ್ತು?

ಹೌದು, ನನಗೆ ಹೊಟ್ಟೆಕಿಚ್ಚು. ಆ ಬಿಳಿ ಮರಿಯನ್ನು ಮೊದಲು ಎತ್ತಿಕೊಂಡವಳು ನಾನು. ನೀನು ಮೂತಿ ಉಬ್ಬಿಸಿದೆ. "ದೊಡ್ಡವಳು ನೀನು, ಬಿಟ್ಕೊಡೇ" ಅಂದಳು ಅಮ್ಮ. ಉಳಿದ ಬೂದು ಮರಿ ನನ್ನ ಪಾಲಿಗೆ ಬಂತು. ನಿನ್ನದಕ್ಕೆ ಬೆಕ್ಕುಗಳ ಪ್ರದರ್ಶನದಲ್ಲಿ ಮೂರು ಪದಕ. ನನ್ನದು ಹೊಲಿಗೆ ಮಷೀನಿನ ಕೆಳಗೆ ಚಿಂದಿಬಟ್ಟೆಯಲ್ಲಿ ಮಲಗಿ, ಎದ್ದಾಗಲೆಲ್ಲ ಬಕೆಟ್ಟಿಗೆ ಮೂತಿ ಹಾಕಿ ನೀರು ಕುಡಿಯುತ್ತದೆ.

ಇವೆರಡರ ತಾಯಿಬೆಕ್ಕು ಕೊನೆಕೊನೆಗೆ ಬರೀ ನೀರು ಕುಡಿಯುತ್ತಾ, ಕಿಡ್ನಿ ತುಂಬ ನೀರುಗುಳ್ಳೆಯಾಗಿ ಸತ್ತಾಗ ಡಾಕ್ಟರು, "ಇದು ವಂಶದಲ್ಲಿ ಬರೋ ಕಾಯಿಲೆ. ಎರಡು ಮರಿಗೂ ಜೀನ್ ಪರೀಕ್ಷೆ ಮಾಡಿಸ್ಬಿಡಿ" ಅಂದಿದ್ದರಲ್ಲ. ನೀನು ನಿನ್ನದನ್ನು ಒಂದು ವಾರ ಇಲ್ಲಿ ಬಿಟ್ಟು ಹೋಗಿದ್ದಾಗ, ಎರಡರ ಕೆನ್ನೆಯೊಳಗೂ ಹತ್ತಿಕಡ್ಡಿ ಉಜ್ಜಿ ಕವರಿಗೆ ಹಾಕಿದವಳು ನಾನೇ. ಕವರಿನ ಮೇಲೆ ಸಾಕಿದವರ ಹೆಸರಷ್ಟೇ ಬರೆಯಬೇಕಿತ್ತು. ನಿನ್ನ ಹೆಸರಿನದಕ್ಕೆ ರೋಗವಿದೆ, ನನ್ನ ಹೆಸರಿನದಕ್ಕೆ ಇಲ್ಲ ಎಂದು ವರದಿ ಬಂತು. ರೋಗ ಮರಿಗಳಿಗೆ ದಾಟಬಾರದೆಂದೇ ಈಗ ನಿನ್ನದಕ್ಕೆ ಆಪರೇಷನ್. ಫೋನಿನಲ್ಲಿ ನಿನಗೆ ಸಮಾಧಾನ ಹೇಳಿ ಇಟ್ಟವಳೇ, ಹಾಡು ಗುನುಗುತ್ತಾ ನಾಲ್ಕು ಅಂಗಿ ಹೊಲಿದೆ. ಅಂಥವಳು ನಿನ್ನ ಅಕ್ಕ.

ನಿನ್ನ ಭಾವ ನಾಳೆ ಬೆಳಗಿನ ಬಸ್ಸಿಗೆ ಬರುತ್ತಾರೆ, ಅವರ ಕೈಯಲ್ಲೇ ಈ ಕಾಗದ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಮತ್ತೆ ಸುಳ್ಳೇ ಬಾಯಿಗೆ ಬರುತ್ತದೆ. ಸುಖವಾಗಿರು ತಾಯಿ, ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಕ್ಕ

ತಾ.ಕ.: ಆಪರೇಷನ್ ಬೇಡ ಎಂದು ಇದನ್ನು ಓದಿದ ಕೂಡಲೇ ಡಾಕ್ಟರಿಗೆ ಹೇಳಿಬಿಡು. ವರದಿಯ ಜೊತೆ ಖಾಲಿ ಕವರುಗಳೂ ವಾಪಸ್ಸು ಬಂದಿದ್ದವು. ನನ್ನ ಹೆಸರಿದ್ದ ಕವರಿನ ಅಂಟಿಗೆ ಉದ್ದನೆಯ ಬಿಳಿ ಕೂದಲು ಹತ್ತಿದೆ. ನಿನ್ನ ಬೆಕ್ಕಿನ ಕಡ್ಡಿ ಹಾಕಿದ ಕವರಿಗೆ ನನ್ನ ಹೆಸರು ಬರೆದಿದ್ದೇನೆ ಕಣೇ. ಬೇಕಂತ ಅಲ್ಲ, ಇಷ್ಟು ವರ್ಷವೂ ಅದು ನನ್ನದು, ನನ್ನದು ಅಂದುಕೊಂಡೇ ಇದ್ದೆ, ಕೈ ಹಾಗೇ ಬರೆದುಬಿಟ್ಟಿತು. ಹತ್ತು ದಿನದ ಹಿಂದೆಯೇ ಕಂಡಿತ್ತು, ಸುಮ್ಮನಿದ್ದೆ. ಬೇಕಿದ್ದರೆ ಇನ್ನೊಮ್ಮೆ ಪರೀಕ್ಷೆ ಮಾಡಿಸು, ನಿನ್ನದಕ್ಕೆ ಏನೂ ಆಗಿಲ್ಲ. ನನ್ನ ಬೂದು ಈಗಷ್ಟೇ ಎದ್ದು ಮತ್ತೆ ಬಕೆಟ್ಟಿನ ಹತ್ತಿರ ಹೋಯಿತು.