ಜೊಂಡು ಉಳಿದ ದಿನ

ಗೆಳೆಯ ರಾಮಾಂಜಿನಿ,

ನೀನು ತೀರಿಹೋಗಿ ಮೂರು ವರ್ಷವಾಯಿತು. ಆದರೂ ಇವತ್ತಿನ ಹೆಮ್ಮೆಯ ಸುದ್ದಿಯನ್ನು ನಿನಗೇ ಹೇಳಬೇಕು ಅನಿಸಿತು.

ಕುರುಗೋಡಿನ ಗುತ್ತಿಗೆದಾರನೊಬ್ಬ ನಮ್ಮ ಕೆರೆಯಂಚಿನ ಜೊಂಡುಹುಲ್ಲನ್ನೆಲ್ಲ ಕಿತ್ತು, ಬೇಗ ಬೆಳೆಯುವ ಮೀನಿನ ಮರಿ ಬಿಡಲು ಜೆಸಿಬಿ ತಂದಿದ್ದ. ಹಿಂದೊಮ್ಮೆ ಹೀಗೆ ಕಿತ್ತಾಗ ಕೊರಮೀನು ಸಂತೆಯಿಂದಲೇ ಮಾಯವಾಗಿದ್ದನ್ನು ಜನ ಮರೆತಿದ್ದಾರೆ, ನಾನು ಮರೆತಿಲ್ಲ. ಈಗ ಮೀನುಗಾರರ ಸಂಘದ ಅಧ್ಯಕ್ಷೆಯಾಗಿರುವ ನಿನ್ನ ಮಗಳು ನೀಲಾವತಿ ಸಭೆಯಲ್ಲಿ ಅವನಿಗೆ ಎದುರು ನಿಂತಳು.

“ಜೊಂಡಿನಾಗ ಕೊರಮೀನು ಮರಿ ಕಾಯ್ಕೋತ ಐತಿ. ಅದನ್ನ ಕಿತ್ತರ ಮುಂದಿನ ವರ್ಸ ನಮ್ಮ ಬಲೆಗೆ ನಿಮ್ಮ ಜೆಸಿಬಿ ಬೀಳ್ತೈತೇನ್ರಿ?”

“ಹುಲ್ಲಿಗೂ ಇಷ್ಟು ಮರ್ಯಾದಿ ಏನವ್ವಾ?” ಎಂದು ಅವನು ನಕ್ಕ.

“ಹೌದ್ರಿ. ಹುಲ್ಲು, ಹಕ್ಕಿ, ಮೀನು, ನಾವು ಎಲ್ಲಾ ಒಂದ ಮನ್ಯಾರು. ನೀವು ಬೀಗರು, ಉಂಡು ಹೋಗ್ರಿ.”

ಇಡೀ ಸಭೆ ನಕ್ಕಿತು. ಹಿಂದಿನ ಸಲ ಜೊಂಡು ಕೀಳುವ ಮೊದಲು ನೀನು ಇದೇ ಮಾತು ಆಡಿದ ದಿನ ಸಭೆ ನಕ್ಕಿದ್ದು ನಿನ್ನನ್ನು ನೋಡಿ. ಆಗ ಜೊಂಡಿನ ಪರ ಎದ್ದದ್ದು ನಿನ್ನದೊಂದೇ ಕೈ; ನನ್ನದು ಮಡಿಲಲ್ಲೇ ಇತ್ತು. ಇವತ್ತು ಸಭೆಗೆ ಸಭೆಯೇ ಕೈ ಎತ್ತಿತು, ಮೊದಲನೆಯದು ನನ್ನದು. ಗುತ್ತಿಗೆದಾರ ಎದ್ದುಹೋದ.

“ಮಾವಾ, ಎಣಿಸೋದು ಮುಗೀತು, ಕೈ ಇಳಸ್ರಿ,” ಎಂದಳು ನೀಲಾವತಿ.

ನಾನು ಇನ್ನೂ ಸ್ವಲ್ಪ ಹೊತ್ತು ಎತ್ತಿಯೇ ಇದ್ದೆ.