ನಾನು ಹೊಗಳಿದ್ದು ಪಾತ್ರೆ ಸೋಪನ್ನು

ಗ್ರಾಹಕರ ದೂರು ಕೇಳುವುದಕ್ಕೆಂದೇ ಕುರ್ಚಿ ಹಾಕಿಸಿಕೊಂಡು ಕುಳಿತಿರುವ ಮಾನ್ಯ ಅಧಿಕಾರಿಗಳೇ,

ನಾನು ಗ್ರಾಹಕಿಯೇ ಅಲ್ಲ ಎಂದು ನೀವು ಬರೆದು ಕಳಿಸಿದ ಉತ್ತರ ತಲುಪಿತು. ಕನ್ನಡಕ ಒರೆಸಿಕೊಂಡು ಮತ್ತೆ ಮತ್ತೆ ಓದಿದೆ. ಪಾತ್ರೆ ತೊಳೆಯುವ ಸೋಪಿನ ಬಗ್ಗೆ ನಾನು ಆಡಿದ ಮಾತನ್ನು ಕತ್ತರಿಸಿ, ಆ ಸೋಪಿನ ಕಂಪನಿಯವರು ತಮ್ಮ ಆರೋಗ್ಯದ ಪೌಡರಿನ ಜಾಹೀರಾತು ವಿಡಿಯೊಗೆ ಅಂಟಿಸಿಕೊಂಡಿದ್ದಾರೆ. ಅದನ್ನು ನೋಡಿ ನನ್ನ ಒಡಹುಟ್ಟಿದ ತಂಗಿ ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಿಬಿಟ್ಟಿದ್ದಾಳೆ. ಅವಳ ಕಾಲಿನ ಹುಣ್ಣು ದಿನದಿಂದ ದಿನಕ್ಕೆ ಅಗಲವಾಗುತ್ತಿದೆ. ದಯಮಾಡಿ ಆ ವಿಡಿಯೊ ತೆಗೆಸಿ. ನಾನು ಕೇಳಿದ್ದು ಇಷ್ಟೇ. ಅದಕ್ಕೆ ನೀವು ಕೊಟ್ಟ ಉತ್ತರ: "ಅರ್ಜಿದಾರರು ಸದರಿ ಸಂಸ್ಥೆಯ ಸದಸ್ಯರಾಗಿದ್ದು, ಅವರ ಕೆಳಗೆ ಮತ್ತೊಬ್ಬ ಸದಸ್ಯರು ಸೇರ್ಪಡೆಯಾಗಿರುವುದರಿಂದ ಅವರನ್ನು ವ್ಯಾಪಾರಿ ಎಂದು ಪರಿಗಣಿಸಿ ದೂರನ್ನು ಮುಕ್ತಾಯಗೊಳಿಸಲಾಗಿದೆ." ಎಪ್ಪತ್ತೈದು ದಾಟಿದ ಮೇಲೆ ನನಗೊಂದು ಉದ್ಯೋಗ ಕೊಡಿಸಿದ್ದೀರಿ, ಸಂತೋಷ. ನನ್ನ ಅಂಗಡಿ ಯಾವ ಬೀದಿಯಲ್ಲಿದೆ ಎಂದೂ ಒಂದು ಸಾಲು ಬರೆದಿದ್ದರೆ ಬೆಳಿಗ್ಗೆ ಹೋಗಿ ಬಾಗಿಲು ತೆಗೆಯುತ್ತಿದ್ದೆ.

ನಾನು ಹಳ್ಳಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಮುಗಿಸುವಷ್ಟರಲ್ಲಿ ಮನೆಗೆಲಸಕ್ಕೆ ಬಿದ್ದವಳು. ಈ ಪತ್ರವನ್ನು ಪತ್ರಿಕೆಗೂ ಕೊಟ್ಟಿದ್ದೇನೆ, ಕಾಗುಣಿತ ತಪ್ಪಿದ್ದರೆ ಅವರು ತಿದ್ದಿಕೊಳ್ಳಲಿ. ಮಾತನ್ನು ಮಾತ್ರ ಕತ್ತರಿಸಬೇಡಿ ಎಂದು ಅವರಿಗೆ ಕೈಮುಗಿದು ಹೇಳಿದ್ದೇನೆ. ಒಮ್ಮೆ ಕತ್ತರಿ ಬಿದ್ದದ್ದಕ್ಕೇ ಇಷ್ಟೆಲ್ಲ ರಾಮಾಯಣ.

ಮೊದಲು ನನ್ನ 'ವ್ಯಾಪಾರ' ಹೇಗೆ ಶುರುವಾಯಿತು ಎಂದು ಹೇಳುತ್ತೇನೆ. ವಯಸ್ಸಿದ್ದಾಗ ಹಾಸ್ಟೆಲ್ ಒಂದರ ಅಡುಗೆಮನೆಯಲ್ಲಿ ಪಾತ್ರೆ ತೊಳೆದು ಮಕ್ಕಳನ್ನು ಸಾಕಿದವಳು ನಾನು. ತಳ ಹಿಡಿದ ದೊಡ್ಡ ಪಾತ್ರೆಯೊಳಗೆ ಅರ್ಧ ಮೈ ಇಳಿಸಿ ಉಜ್ಜಿದ ಕೈಗಳಿವು. ಕೆಲಸ ಬಿಟ್ಟರೂ ಬೆರಳ ಸಂದಿಯ ಬಿರುಕು ಬಿಟ್ಟಿರಲಿಲ್ಲ. ಯಾವ ಸೋಪು ಮುಟ್ಟಿದರೂ ಉರಿ. ನಮ್ಮ ಮನೆಯ ಕೆಳಗೆ ಬ್ಯೂಟಿ ಪಾರ್ಲರ್ ಇಟ್ಟಿರುವ ಹುಡುಗಿ ಒಂದು ದಿನ ನನ್ನ ಕೈ ನೋಡಿ, ಅಯ್ಯೋ ಎಂದು ಒಳಗೆ ಹೋಗಿ ಒಂದು ಬಾಟಲಿ ತಂದುಕೊಟ್ಟಳು. ಸುಳ್ಳು ಯಾಕೆ ಹೇಳಲಿ, ಒಳ್ಳೆಯ ಸೋಪು. ಕೈ ಉರಿಯಲಿಲ್ಲ. ಬಾಟಲಿ ಮುಗಿಯುವ ಹೊತ್ತಿಗೆ ಬಿರುಕು ಮುಚ್ಚಿ, ನನ್ನ ಕೈ ನನಗೇ ಗುರುತು ಸಿಗದಂತಾಯಿತು. ಇನ್ನೊಂದು ಬಾಟಲಿ ಕೊಡಮ್ಮ ಎಂದು ದುಡ್ಡು ಹಿಡಿದುಕೊಂಡು ಹೋದೆ.

"ಹಂಗೆಲ್ಲ ಮಾರೋ ಹಾಗಿಲ್ಲ ಅಜ್ಜಿ. ಸದಸ್ಯರಿಗೆ ಮಾತ್ರ."

"ನಾನು ತೊಳೀಬೇಕಾಗಿರೋದು ಎರಡು ತಟ್ಟೆ, ಒಂದು ಬಾಣಲೆ. ಅದಕ್ಕೆ ಸದಸ್ಯತ್ವ ಯಾಕೆ ತಾಯಿ?"

"ಬರೀ ಗಿರಾಕಿ ಥರ ಸೇರ್ಕೊಳ್ಳಿ. ನೀವು ಯಾರಿಗೂ ಮಾರೋದು ಬೇಡ, ಯಾರನ್ನೂ ಕರ್ಕೊಂಡು ಬರೋದು ಬೇಡ. ಫೋನಿಗೊಂದು ನಂಬರ್ ಬರತ್ತೆ, ಅದನ್ನ ಓದಿ ಹೇಳಿ, ಸಾಕು."

ನಂಬರ್ ಬಂತು, ಓದಿ ಹೇಳಿದೆ. ಅವಳು "ಆಯ್ತು ಅಜ್ಜಿ, ನೀವೂ ನಮ್ಮ ಕುಟುಂಬ" ಎಂದಳು. ನನಗೆ ಇರುವ ಕುಟುಂಬವನ್ನು ಸಂಭಾಳಿಸುವುದೇ ಸಾಕಾಗಿತ್ತು. ಆದರೂ ಸೋಪು ಕೈಗೆ ಬಂತಲ್ಲ ಎಂದು ಮೆಟ್ಟಿಲು ಹತ್ತಿದೆ. ಇದೇ ನನ್ನ ಅಂಗಡಿಯ ಪ್ರಾರಂಭೋತ್ಸವ. ನಿಮ್ಮನ್ನು ಕರೆಯದೆ ಮಾಡಿಬಿಟ್ಟೆ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ.

ವರ್ಷ ಕಳೆದ ಮೇಲೆ ಅವರದೊಂದು ದೊಡ್ಡ ಸಭೆ ನಡೆಯಿತು. ಪಾರ್ಲರ್ ಹುಡುಗಿ ಬಿಡಲಿಲ್ಲ. ಬನ್ನಿ ಅಜ್ಜಿ, ನಮ್ಮ ಗುಂಪಿನಲ್ಲಿ ನೀವೇ ಹಿರಿಯರು ಎಂದು ಕರೆದುಕೊಂಡು ಹೋದಳು. ಒಳಗೆ ಕಾಲಿಟ್ಟರೆ ಕಿವಿ ಒಡೆಯುವಂಥ ಹಾಡು, ಬಣ್ಣದ ದೀಪ. ಕೋಟು ಹಾಕಿಕೊಂಡ ಗಂಡಸರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದರು. ಯಾರೋ ತೀರಿಕೊಂಡಿದ್ದಾರೆ ಎಂದುಕೊಂಡೆ, ಕೇಳಿದರೆ ಖುಷಿಗಂತೆ. ನನ್ನನ್ನೂ ವೇದಿಕೆಗೆ ಹತ್ತಿಸಿ, ಹೂಗುಚ್ಛ ಕೊಟ್ಟು, ಮೈಕ್ ಬಾಯಿಗೆ ಹಿಡಿದರು. ನಾನು ಹೇಳಿದ್ದು ಇದು: "ನಾನು ಪಾತ್ರೆ ತೊಳೆದು ಬದುಕಿದವಳು. ಈ ಸೋಪು ಬಂದ ಮೇಲೆ ಬೇರೆದ್ದೆಲ್ಲ ಬಿಟ್ಟುಬಿಟ್ಟೆ. ಎಷ್ಟೋ ವರ್ಷದಿಂದ ನರಳ್ತಿದ್ದೆ, ಈಗ ಹಾಯಾಗಿದ್ದೀನಿ." ಅಷ್ಟು ದೊಡ್ಡ ಸಭಾಂಗಣದಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪಾತ್ರೆ ತೊಳೆದವಳಿಗೆ ಯಾರಾದರೂ ಚಪ್ಪಾಳೆ ತಟ್ಟಿದ್ದನ್ನು ನೀವು ಕಂಡಿದ್ದೀರಾ? ನಾನೂ ಅಲ್ಲಿಯವರೆಗೆ ಕಂಡಿರಲಿಲ್ಲ. ಕಣ್ಣು ತುಂಬಿ ಬಂತು.

ಆ ಕಣ್ಣೀರು ಅವರಿಗೆ ಬಹಳ ಉಪಯೋಗಕ್ಕೆ ಬಂದಿದೆ. ವಿಡಿಯೊದಲ್ಲಿ ಮೊದಲ ಮಾತಿಲ್ಲ, ಸೋಪಿಲ್ಲ. ಪಕ್ಕದಲ್ಲಿ ಪೌಡರಿನ ಡಬ್ಬಿ ಗುಂಡಗೆ ತಿರುಗುತ್ತಿದೆ, ಹಿಂದೆ ಕೊಳಲು ಊದುತ್ತಿದ್ದಾರೆ, ನಡುವೆ ನಾನು ಕಣ್ಣೊರೆಸಿಕೊಳ್ಳುತ್ತ "ಬೇರೆದ್ದೆಲ್ಲ ಬಿಟ್ಟುಬಿಟ್ಟೆ, ಈಗ ಹಾಯಾಗಿದ್ದೀನಿ" ಎನ್ನುತ್ತಿದ್ದೇನೆ. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ: 'ಒಬ್ಬ ಸಾಮಾನ್ಯ ಗ್ರಾಹಕಿಯ ಮನದಾಳದ ಮಾತು.' ಗಮನಿಸಿ ಮಾನ್ಯರೇ. ಅವರು ನನ್ನನ್ನು ಗ್ರಾಹಕಿ ಎಂದೇ ತೋರಿಸಿ ಡಬ್ಬಿ ಖಾಲಿ ಮಾಡಿಕೊಳ್ಳುತ್ತಿದ್ದಾರೆ. ಅದೇ ಮುಖ ಹೊತ್ತು ನಿಮ್ಮ ಕಿಟಕಿಗೆ ಬಂದರೆ ನಾನು ವ್ಯಾಪಾರಿ. ನನ್ನ ಮಾತಿಗೆ ಬೆಲೆ ಬರುವುದು ಅವರಿಗೆ ಬೇಕಾದಾಗ ಮಾತ್ರವೇ?

ಇನ್ನು ನನ್ನ ತಂಗಿ. ಎಪ್ಪತ್ತಾದರೂ ನಮಗವಳು ಪುಟ್ಟಿ. ಎರಡು ಬೀದಿ ಆಚೆ, ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬಳೇ ಇದ್ದಾಳೆ. ಮದುವೆಯಾಗಲಿಲ್ಲ, ನನ್ನ ಮಕ್ಕಳನ್ನೇ ಎತ್ತಿ ಆಡಿಸಿದಳು. ಒಂದು ಸಂಜೆ ಹೋದಾಗ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದಳು. ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಬಿಚ್ಚಿ ನೋಡಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನೀವು ಊಟಕ್ಕೆ ಕೂತಿರಬಹುದು.

"ಮಾತ್ರೆ ತಗೋತಿದ್ದೀಯೇನೇ?"

"ಬಿಟ್ಟುಬಿಟ್ಟೆ. ಪೌಡರ್ ಕುಡೀತಿದ್ದೀನಿ. ನೀನೇ ಹೇಳಿದ್ದೀಯಲ್ಲ, ಬೇರೆದ್ದೆಲ್ಲ ಬಿಟ್ಟೆ ಅಂತ."

ಫೋನ್ ತೆಗೆದು ನನಗೇ ನನ್ನನ್ನು ತೋರಿಸಿದಳು.

"ಅದು ಪಾತ್ರೆ ಸೋಪಿನ ವಿಷಯ ಕಣೇ, ಮಂಕೆ!"

"ಪಾತ್ರೆ ಸೋಪಿಗೆ ಯಾರಾದ್ರೂ ಹಂಗೆ ಕಣ್ಣೀರು ಹಾಕ್ತಾರಾ? ಅಮ್ಮ ಹೋದಾಗಲೂ ನೀನು ಅಷ್ಟು ಅಳಲಿಲ್ಲ."

"ಡಾಕ್ಟ್ರು ಏನಂದ್ರು ಹೇಳು. ಹೀಗೇ ಬಿಟ್ರೆ ಬೆರಳು ತೆಗೀಬೇಕಾಗತ್ತೆ ಅಂದ್ರೋ ಇಲ್ವೋ?"

"ಅವರಿಗೇನು, ಮಾತ್ರೆ ಖರ್ಚಾಗ್ಬೇಕು, ಅದಕ್ಕೆ ಹೆದರಿಸ್ತಾರೆ. ನಿನಗೆ ಯಾರಿಗೂ ಏನೂ ಮಾರ್ಬೇಕಾಗಿಲ್ಲ. ಅದಕ್ಕೇ ನೀನು ಹೇಳಿದ್ದನ್ನ ನಂಬಿದ್ದು."

ಎದುರಿಗೆ ಕೂತು ಬಾಯಿ ಬಡಿದುಕೊಳ್ಳುವ ಅಕ್ಕನಿಗಿಂತ ಅಂಗೈಯಗಲದ ಗಾಜಿನೊಳಗಿನ ಅಕ್ಕನೇ ಅವಳಿಗೆ ನಿಜವಾಗಿದ್ದಾಳೆ. ಆ ಗಾಜಿನೊಳಗಿನ ಮುದುಕಿಗೆ ಸುಸ್ತಿಲ್ಲ, ಕೆಮ್ಮಿಲ್ಲ, ಯಾವಾಗ ಒತ್ತಿದರೂ ಅದೇ ಮಾತನ್ನು ಅದೇ ಕಣ್ಣೀರು ಒರೆಸಿಕೊಂಡು ಹೇಳುತ್ತಾಳೆ. ನಾನು ಅವಳ ಜೊತೆ ಹೇಗೆ ಸ್ಪರ್ಧೆ ಮಾಡಲಿ? ನನಗೆ ಮೆಟ್ಟಿಲು ಹತ್ತುವಷ್ಟರಲ್ಲೇ ಉಸಿರು ಹೋಗಿರುತ್ತದೆ.

ಪಾರ್ಲರ್ ಹುಡುಗಿಯ ಹತ್ತಿರ ಹೋಗಿ ಕೂಗಾಡಿದೆ. ಪಾಪ, ಅವಳ ಅಂಗಡಿ ನೋಡಿದರೆ ಬಯ್ಯಲೂ ಮನಸ್ಸು ಬರುವುದಿಲ್ಲ. ಕೂದಲು ಕತ್ತರಿಸಿಕೊಳ್ಳಲು ಬಂದವರು ಕೂರುವ ಕುರ್ಚಿಯ ಮೇಲೆಲ್ಲ ಡಬ್ಬಿಗಳ ಪೆಟ್ಟಿಗೆ. ಕನ್ನಡಿಯ ಮುಂದೆ ಪೆಟ್ಟಿಗೆ, ಕೈ ತೊಳೆಯುವ ಬೇಸಿನ್ನಿನ ಕೆಳಗೆ ಪೆಟ್ಟಿಗೆ. "ನನ್ನ ಕೈಲಿಲ್ಲ ಅಜ್ಜಿ, ಮೇಲಿನವರನ್ನ ಕೇಳ್ಬೇಕು" ಎಂದಳು. ಮೇಲಿನವರು ಯಾರು ಎಂದರೆ, ಅವರಿಗೂ ಮೇಲಿನವರಿದ್ದಾರೆ. "ಹಂಗಾದ್ರೆ ಕೊನೆಗೆ ದೇವರ ಹತ್ರಾನೇ ಹೋಗ್ಬೇಕಾ?" ಎಂದು ಕೇಳಿದೆ. ಹುಡುಗಿ ನಗಲಿಲ್ಲ. ಪೆಟ್ಟಿಗೆಯ ಮೇಲೆ ಕೂತು ಅತ್ತಳು. ಆಗಲೇ ಅವಳ ಬಾಯಿಂದ ಇನ್ನೊಂದು ವಿಷಯ ಹೊರಬಿತ್ತು. ಪುಟ್ಟಿಯನ್ನು ಪೌಡರಿನ ಗಿರಾಕಿಯಾಗಿ ಸೇರಿಸಿದವಳು ಅವಳೇ. ಸೇರಿಸಿದ್ದು ನನ್ನ ನಂಬರಿನ ಕೆಳಗೆ, ನಾನೇ ಕರೆತಂದವಳು ಎನ್ನುವ ಹಾಗೆ. ನನಗೆ ಒಂದು ಮಾತೂ ಹೇಳದೆ. "ನಿಮ್ಗೇ ಒಳ್ಳೇದಾಗ್ಲಿ ಅಂತ ಮಾಡಿದೆ ಅಜ್ಜಿ."

ನಿಮ್ಮ ಉತ್ತರದಲ್ಲಿರುವ ಆ 'ಕೆಳಗಿನ ಸದಸ್ಯರು' ಇವಳೇ, ಮಾನ್ಯರೇ. ನನಗಿಂತ ಕೆಳಗೆ ಹುಟ್ಟಿದ್ದು ಬಿಟ್ಟರೆ ಅವಳು ನನ್ನ ಕೆಳಗೆ ಯಾವತ್ತೂ ಇದ್ದವಳಲ್ಲ, ಅಷ್ಟು ಹಠಮಾರಿ. ಇದನ್ನು ಹೇಳಿಕೊಳ್ಳಲೆಂದೇ ನಿಮ್ಮ ಕಚೇರಿಗೆ ಬಂದೆ. ಕಿಟಕಿಯೊಳಗಿನ ಗುಮಾಸ್ತರು ಕಂಪ್ಯೂಟರಿನಿಂದ ಮುಖ ಎತ್ತದೆ, "ಕಂಪನಿಯವರು ಕಳಿಸಿದ ಪಟ್ಟೀಲಿ ನಿಮ್ಮ ಲೈನಲ್ಲಿ ಒಬ್ರು ಇದ್ದಾರೆ ಅಂತ ತೋರಿಸ್ತಿದೆ, ನೀವು ಗ್ರಾಹಕರು ಆಗಲ್ಲ" ಎಂದರು.

"ಅವಳು ನನ್ನ ತಂಗಿ ಸ್ವಾಮಿ. ಕಾಲು ಕೊಳೀತಿದೆ."

"ಅದು ಆರೋಗ್ಯ ಇಲಾಖೆಗೆ ಬರತ್ತೆ."

ಆರೋಗ್ಯ ಇಲಾಖೆಗೂ ಹೋದೆ. ವಿಡಿಯೊ ಅಂದಮೇಲೆ ಅದು ಪೊಲೀಸರಿಗೆ ಎಂದರು. ಪೊಲೀಸರು ಕುರ್ಚಿ ಕೊಟ್ಟು ಚಹಾ ಕುಡಿಸಿದರು, ಅದೇ ದೊಡ್ಡದು. ಆಮೇಲೆ, ಇದು ವಸ್ತು ಕೊಂಡವರ ವಿಷಯ, ಗ್ರಾಹಕರ ಕಚೇರಿಗೆ ಹೋಗಿ ಅಜ್ಜಿ ಎಂದು ನಿಮ್ಮ ದಾರಿಯನ್ನೇ ತೋರಿಸಿದರು. ನನ್ನ ಸೊಸೆ ಫೋನಿನಲ್ಲೇ ಆ ವಿಡಿಯೊದ ಮೇಲೆ ದೂರು ಒತ್ತಿದಳು. ಪರಿಶೀಲಿಸುತ್ತೇವೆ ಎಂದು ಉತ್ತರ ಬಂತು. ಪರಿಶೀಲನೆ ಇನ್ನೂ ನಡೆಯುತ್ತಲೇ ಇದೆ. ಹುಣ್ಣು ಮಾತ್ರ ಯಾರ ಪರಿಶೀಲನೆಗೂ ಕಾಯದೆ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿದೆ.

ನಿಮ್ಮನ್ನು ಒಂದು ಮಾತು ಕೇಳುತ್ತೇನೆ. ನಿಮ್ಮ ಮನೆಯ ಪಾತ್ರೆಗೆ ಸೋಪು ಕೊಳ್ಳಬೇಕಾದರೆ ಮೊದಲು ಅಂಗಡಿಯವನ ಪಾಲುದಾರರಾಗಿ ಎಂದು ಯಾರಾದರೂ ನಿಮಗೆ ಹೇಳಿದ್ದರೆ ನೀವು ಒಪ್ಪುತ್ತಿದ್ದಿರಾ? ಇಲ್ಲಿ ಹಾಗೆ ಹೇಳುತ್ತಾರೆ. ಕೊಳ್ಳುವವರನ್ನೆಲ್ಲ ಸದಸ್ಯರು ಎಂದು ಕರೆದುಬಿಟ್ಟರೆ ಕೊಳ್ಳುವವರೇ ಇಲ್ಲದ ವ್ಯಾಪಾರವಾಯಿತು. ಕೊಳ್ಳುವವರೇ ಇಲ್ಲವೆಂದ ಮೇಲೆ ದೂರು ಯಾರದ್ದು? ಎಂಥ ಅಚ್ಚುಕಟ್ಟಾದ ಉಪಾಯ! ಅದು ಅವರ ತಲೆಗೆ ಹೊಳೆದದ್ದರಲ್ಲಿ ಆಶ್ಚರ್ಯವಿಲ್ಲ, ಅವರು ಬದುಕಬೇಕು. ಆದರೆ ನೀವು ಅದನ್ನು ಹಾಗೇ ಎತ್ತಿ ಸರ್ಕಾರಿ ಕಾಗದಕ್ಕೆ ಇಳಿಸಿ, ಸೀಲು ಒತ್ತಿ ಕಳಿಸಿದಿರಲ್ಲ, ಅದಕ್ಕೆ ನನ್ನ ಹತ್ತಿರ ಬೈಗುಳವೂ ಉಳಿದಿಲ್ಲ.

ಮೊನ್ನೆ ಪುಟ್ಟಿಯ ಹತ್ತಿರ ಮತ್ತೆ ಹೋದೆ. ಜಗಳವಾಡಲು ಶಕ್ತಿ ಇರಲಿಲ್ಲ, ಮಾತ್ರೆಯನ್ನು ಅವಳ ದಿಂಬಿನ ಪಕ್ಕ ಇಟ್ಟು ಮಂಚದ ತುದಿಯಲ್ಲಿ ಕೂತೆ. ಅವಳೇ ಮೆಲ್ಲಗೆ ಬಾಯಿಬಿಟ್ಟಳು: "ಅಕ್ಕ, ಬಯ್ಬೇಡ. ಅದರ ರುಚಿ ನನಗೂ ಸೇರಲ್ಲ, ವಾಂತಿ ಬರೋ ಹಾಗಾಗತ್ತೆ. ಆದ್ರೆ ನಾನು ಒಂದೊಂದು ಡಬ್ಬಿ ತಗೊಂಡ್ರೆ ನಿನ್ನ ಲೆಕ್ಕಕ್ಕೆ ಏನೋ ಸೇರತ್ತಂತೆ. ಜನ್ಮವಿಡೀ ಪಾತ್ರೆ ತೊಳ್ದೆ ನೀನು. ಕೊನೆಗಾಲದಲ್ಲಿ ನಿನ್ನ ಕೈಯಲ್ಲಿ ನಿಂದು ಅಂತ ಏನಾದ್ರೂ ಇರ್ಲಿ ಅಂದ್ಕೊಂಡೆ."

ಇದನ್ನು ನಿಮ್ಮ ಯಾವ ಇಲಾಖೆಗೆ ಕಳಿಸಲಿ?

ಈಗ ನನ್ನ ಬೇಡಿಕೆ. ಆ ವಿಡಿಯೊ ಎಲ್ಲೆಲ್ಲಿ ಓಡುತ್ತಿದೆಯೋ ಅಲ್ಲೆಲ್ಲ ನಿಲ್ಲಬೇಕು. ಅದೇ ಗಾಜಿನಲ್ಲಿ, ಕೊಳಲು ಗಿಳಲು ಇಲ್ಲದೆ, ನಾನು ಹೇಳಿದ್ದು ಪಾತ್ರೆ ಸೋಪಿನ ಬಗ್ಗೆ ಎಂದು ಕಂಪನಿಯವರು ಹೇಳಬೇಕು. ಬಳಸಲು ಕೊಂಡವರು ಸದಸ್ಯರಾಗಿರಲಿ, ಮತ್ತೇನೇ ಆಗಿರಲಿ, ಅವರು ಕೊಂಡವರೇ ಎಂದು ನೀವು ಬರೆದುಕೊಡಬೇಕು, ಮತ್ತು ಮುಕ್ತಾಯಗೊಳಿಸಿದ ದೂರನ್ನು ತೆರೆಯಬೇಕು. ಇದನ್ನೆಲ್ಲ ನೀವು ಬೇಗ ಮಾಡುತ್ತೀರಿ ಎಂದು ನಂಬಿ ಬರೆಯುತ್ತಿಲ್ಲ. ಅಷ್ಟು ವಯಸ್ಸು ನನಗೂ ಆಗಿದೆ. ಪತ್ರಿಕೆಗೆ ಕೊಟ್ಟದ್ದಕ್ಕೆ ಕಾರಣವೇ ಬೇರೆ. ನನ್ನ ಬಾಯಿಮಾತು ನಂಬದ ನನ್ನ ತಂಗಿ ಪತ್ರಿಕೆಯಲ್ಲಿ ಅಚ್ಚಾಗಿದ್ದನ್ನು ನಂಬುತ್ತಾಳೆ. ಆದ್ದರಿಂದ ಮುಂದಿನ ನಾಲ್ಕು ಸಾಲು ನಿಮಗಲ್ಲ ಮಾನ್ಯರೇ. ನೀವು ಅಷ್ಟು ಹೊತ್ತು ಕಿಟಕಿಯಾಚೆ ನೋಡುತ್ತಿರಿ, ಅಭ್ಯಾಸವಿದೆಯಲ್ಲ.

ಪುಟ್ಟೀ, ಇದು ಅಚ್ಚಾಗಿದೆ, ನೋಡು. ನಾನು ಹೊಗಳಿದ್ದು ಪಾತ್ರೆ ಸೋಪನ್ನು. ಅತ್ತದ್ದು ಜನ ಚಪ್ಪಾಳೆ ತಟ್ಟಿದರು ಅಂತ. ನನ್ನ ಲೆಕ್ಕಕ್ಕೆ ಏನಾದರೂ ಸೇರಬೇಕು ಅಂತ ನಿನಗೆ ಅಷ್ಟೊಂದು ಆಸೆಯಿದ್ದರೆ, ನೀನು ನಿನ್ನ ಎರಡು ಕಾಲಲ್ಲಿ ನಡೆದುಕೊಂಡು ನಮ್ಮ ಮನೆಗೆ ಬಂದು ನನ್ನ ಜೊತೆ ಜಗಳ ಆಡು. ನನಗೆ ಬೇರೆ ಯಾರಿದ್ದಾರೆ ಜಗಳ ಆಡೋದಕ್ಕೆ? ಮಾತ್ರೆ ನಿನ್ನ ದಿಂಬಿನ ಪಕ್ಕದಲ್ಲೇ ಇದೆ. ನೀರು ಕುಡಿ, ನುಂಗು. ನಾನು ಬರುವಷ್ಟರಲ್ಲಿ ನುಂಗಿರಬೇಕು.

ಇಂತಿ,
ಪತ್ರಿಕೆ ಹಿಡಿದು ಸೈಕಲ್ ಅಂಗಡಿಯ ಮೆಟ್ಟಿಲು ಹತ್ತಲು ಹೊರಟಿರುವ,
ಒಬ್ಬ ಅಕ್ಕ